ಕರೆಂಟ್ ಚಿಕಿತ್ಸೆಯ ನಂತರ ಬಾಯಿ ಒಣಗುತ್ತಿದೆಯೇ? ದಿನನಿತ್ಯದ ಆರೈಕೆ ಹೀಗಿರಲಿ

"ಕ್ಯಾನ್ಸರೇ ವಾಸಿ ಆಯ್ತಂತೆ, ಬಾಯಿ ಒಣಗೋದೇನು ದೊಡ್ಡದು, ನೀರು ಕುಡೀರಿ." ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ರೇಡಿಯೋಥೆರಪಿ (ಜನರ ಬಾಯಲ್ಲಿ "ಕರೆಂಟ್", ಅಂದರೆ ಕಿರಣ ಚಿಕಿತ್ಸೆ) ಮುಗಿಸಿ ಮನೆಗೆ ಬಂದವರು ಈ ಮಾತನ್ನು ನೆಂಟರಿಂದ, ನೆರೆಯವರಿಂದ, ಕೆಲವು ಸಲ ಆಸ್ಪತ್ರೆಯಲ್ಲೂ ಕೇಳುತ್ತಾರೆ. ಕೇಳಿ ಕೇಳಿ ಕೊನೆಗೆ ತಮ್ಮ ತೊಂದರೆ ಹೇಳಿಕೊಳ್ಳುವುದನ್ನೇ ಬಿಡುತ್ತಾರೆ. ಜೊಲ್ಲು ಇಲ್ಲದಿದ್ದರೆ ಊಟ ಇಳಿಯುವುದಿಲ್ಲ, ರುಚಿ ಗೊತ್ತಾಗುವುದಿಲ್ಲ, ನಿದ್ದೆ ಹತ್ತುವುದಿಲ್ಲ, ನಾಲ್ಕು ಮಾತಾಡುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಲ್ಲಿಗೆ, ಹಲ್ಲಿನಿಂದ ದವಡೆಯ ಮೂಳೆಗೆ. ಹಾಗಾಗಿ ಒಣಬಾಯಿಯನ್ನು ಸಹಿಸಿಕೊಂಡು ಸುಮ್ಮನಿರಬಾರದು. ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳುವಷ್ಟೇ ನಿಯಮದಿಂದ, ಪ್ರತಿದಿನ ನೋಡಿಕೊಳ್ಳಬೇಕು.

ನಮ್ಮ ತಂದೆಯವರಿಗೆ ನಾಲಿಗೆಯ ಕ್ಯಾನ್ಸರಿಗೆ ಕರೆಂಟ್ ಕೊಟ್ಟ ಮೇಲೆ ಅವರ ಊಟ, ಹಲ್ಲು, ನಿದ್ದೆ ನೋಡಿಕೊಳ್ಳುವ ಕೆಲಸ ನನ್ನದಾಯಿತು. ವೈದ್ಯರಿಂದ, ದಂತವೈದ್ಯರಿಂದ, ಕಾಯುವ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಂದ ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ. ಔಷಧಿಯ ವಿಷಯದಲ್ಲಿ ಮಾತ್ರ ನಿಮ್ಮ ವೈದ್ಯರ ಮಾತೇ ಕೊನೆಯದು.

ಮೊದಲು, ಬಾಯಿ ಒಣಗುವುದೇಕೆ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಕಿವಿಯ ಮುಂದೆ, ಕೆನ್ನೆಯಲ್ಲಿರುವ ಪೆರೋಟಿಡ್ ಗ್ರಂಥಿಗಳು ಊಟದ ಹೊತ್ತಿಗೆ ನೀರಿನಂಥ ತೆಳು ಜೊಲ್ಲು ಕೊಡುತ್ತವೆ. ಸುಮ್ಮನಿದ್ದಾಗ, ಮಲಗಿದಾಗ ಬಾಯನ್ನು ಹಸಿಯಾಗಿಡುವ ಜೊಲ್ಲಿನ ಬಹುಪಾಲು ದವಡೆಯ ಕೆಳಗಿನ ಗ್ರಂಥಿಗಳಿಂದ ಬರುತ್ತದೆ. ನಾಲಿಗೆಯ ಕೆಳಗೆ ಇನ್ನೊಂದು ಜೋಡಿ ಇದೆ. ತುಟಿ, ಕೆನ್ನೆಯ ಒಳಭಾಗದ ತುಂಬ ನೂರಾರು ಪುಟ್ಟ ಗ್ರಂಥಿಗಳಿವೆ. ಕೆಲವರಿಗೆ ಊಟದ ಹೊತ್ತಿನಲ್ಲೇ ಹೆಚ್ಚು ಕಷ್ಟ, ಕೆಲವರಿಗೆ ರಾತ್ರಿ ಹೆಚ್ಚು. ಯಾವ ಗ್ರಂಥಿಗೆ ಎಷ್ಟು ಕಿರಣ ಬಿತ್ತು ಎಂಬುದರ ಮೇಲೆ ಇದು ಬಹಳಷ್ಟು ನಿಂತಿದೆ.

ತಲೆ-ಕುತ್ತಿಗೆ ಕ್ಯಾನ್ಸರಿಗೆ ಸಾಮಾನ್ಯವಾಗಿ 60ರಿಂದ 70 ಗ್ರೇ (ಕಿರಣವನ್ನು ಅಳೆಯುವ ಮಾನ) ಪ್ರಮಾಣವನ್ನು ವಾರಕ್ಕೆ ಐದು ದಿನದಂತೆ ಆರು-ಏಳು ವಾರ ಹಂಚಿ ಕೊಡುತ್ತಾರೆ. ಜೊಲ್ಲಿನ ಗ್ರಂಥಿ ಬಹಳ ಸೂಕ್ಷ್ಮ. ಮೊದಲ ವಾರ-ಎರಡು ವಾರದಲ್ಲೇ ಜೊಲ್ಲು ಇಳಿಯುತ್ತದೆ, ಉಳಿದದ್ದು ದಪ್ಪಗೆ, ನೂಲು ನೂಲಾಗಿ ಅಂಟುತ್ತದೆ. ಪೆರೋಟಿಡ್‌ಗೆ ಬಿದ್ದ ಸರಾಸರಿ ಪ್ರಮಾಣ ಸುಮಾರು 25 ಗ್ರೇ ಒಳಗೆ ಇದ್ದರೆ ಒಂದೆರಡು ವರ್ಷದಲ್ಲಿ ಸಾಕಷ್ಟು ಚೇತರಿಕೆ ನಿರೀಕ್ಷಿಸಬಹುದು. ಅದಕ್ಕಿಂತ ಬಹಳ ಹೆಚ್ಚು ಬಿದ್ದಿದ್ದರೆ ಒಣಬಾಯಿ ಬಹುತೇಕ ಶಾಶ್ವತ. ಈ ಮಾತನ್ನು ಕೇಳುವುದು ಕಷ್ಟ, ಆದರೆ ಮೊದಲೇ ಗೊತ್ತಿದ್ದರೆ "ಮುಂದಿನ ತಿಂಗಳು ಸರಿಹೋಗುತ್ತೆ" ಎಂದು ಕಾಯುತ್ತಾ ಹಲ್ಲು ಕಳೆದುಕೊಳ್ಳುವುದು ತಪ್ಪುತ್ತದೆ.

ಹೆಜ್ಜೆ 1: ಕರೆಂಟ್ ಶುರುವಾಗುವ ಮುನ್ನ ಎರಡು ಕೆಲಸ

ಚಿಕಿತ್ಸೆ ಇನ್ನೂ ಶುರುವಾಗಿಲ್ಲದಿದ್ದರೆ ನೀವು ಅದೃಷ್ಟವಂತರು, ಈ ಎರಡನ್ನು ಬಿಡಬೇಡಿ.

ಮೊದಲನೆಯದು, ಹಲ್ಲಿನ ಡಾಕ್ಟರ್. ಪೂರ್ತಿ ದವಡೆಯ ಎಕ್ಸ್‌ರೇ ತೆಗೆಸಿ, ಹುಳುಕು ಹಲ್ಲು ತುಂಬಿಸಿ, ಉಳಿಸಲಾಗದ ಹಲ್ಲನ್ನು ಈಗಲೇ ಕೀಳಿಸಬೇಕು. ಕಿತ್ತ ಗಾಯ ಮಾಯಲು ಕರೆಂಟಿಗೆ ಮುನ್ನ ಕನಿಷ್ಠ ಹತ್ತು-ಹದಿನಾಲ್ಕು ದಿನ ಸಿಗುವಂತೆ ನೋಡಿಕೊಳ್ಳುತ್ತಾರೆ. ಕಿರಣ ಬಿದ್ದ ದವಡೆಯಲ್ಲಿ ರಕ್ತಸಂಚಾರ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ, ಮತ್ತು ಈ ಅಪಾಯ ವರ್ಷಗಳು ಕಳೆದರೂ ಹೋಗುವುದಿಲ್ಲ.

ಎರಡನೆಯದು, ರೇಡಿಯೇಷನ್ ವೈದ್ಯರಿಗೆ ಒಂದು ಪ್ರಶ್ನೆ: "ಜೊಲ್ಲಿನ ಗ್ರಂಥಿ ಉಳಿಸಿ ಕೊಡೋಕಾಗುತ್ತಾ ಸಾರ್?" ಐಎಂಆರ್‌ಟಿ ಎಂಬ ವಿಧಾನದಲ್ಲಿ ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ, ಪಕ್ಕದ ಪೆರೋಟಿಡ್‌ಗೆ ಬೀಳುವುದನ್ನು ತಗ್ಗಿಸುತ್ತಾರೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ, ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಒಂದು ವರ್ಷದ ನಂತರ ನೂರಕ್ಕೆ 74 ಮಂದಿಗೆ ತೊಂದರೆ ಕೊಡುವ ಮಟ್ಟದ ಒಣಬಾಯಿ ಇತ್ತು. ಐಎಂಆರ್‌ಟಿ ಪಡೆದವರಲ್ಲಿ ಅದು 38ಕ್ಕೆ ಇಳಿದಿತ್ತು. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ನಮ್ಮ ದೇಶದ ರೋಗಿಗಳಲ್ಲೇ ನಡೆಸಿದ ಹೋಲಿಕೆಯಲ್ಲೂ ಐಎಂಆರ್‌ಟಿಯಿಂದ ಜೊಲ್ಲು ಹೆಚ್ಚು ಉಳಿಯುವುದು ಕಂಡುಬಂತು. ಗಡ್ಡೆ ಗ್ರಂಥಿಯ ಪಕ್ಕದಲ್ಲೇ ಇದ್ದರೆ ಉಳಿಸಲು ಆಗದೆ ಹೋಗಬಹುದು. ಗಡ್ಡೆ ಪೂರ್ತಿ ಹೋಗುವುದೇ ಮುಖ್ಯ. ಆದರೂ ಕೇಳುವುದು ನಿಮ್ಮ ಹಕ್ಕು.

ಹೆಜ್ಜೆ 2: ಬಾಯಿ ಮುಕ್ಕಳಿಸುವ ನೀರು

ಇಡೀ ಆರೈಕೆಯಲ್ಲಿ ಇದು ಅತಿ ಅಗ್ಗದ್ದು, ಅತಿ ಉಪಯೋಗದ್ದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಕರಗಿಸಿ. ಇಡ್ಲಿ ಹಿಟ್ಟಿಗೆ ಹಾಕುವ ಸೋಡಾ ಇದು. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಅಂತೂ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಬರೀ "ಸೋಡಾಪುಡಿ" ಎಂದು ಕೇಳಿದರೆ ಏನನ್ನಾದರೂ ಕೊಟ್ಟಾರು, ಪೊಟ್ಟಣ ಓದಿ ತನ್ನಿ.

ಎಚ್ಚರವಿರುವಷ್ಟು ಹೊತ್ತು ಎರಡು-ಮೂರು ಗಂಟೆಗೊಮ್ಮೆ, ತಿಂದ ಮೇಲೆ ತಪ್ಪದೆ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗಿಯಿರಿ. ನುಂಗಬೇಡಿ. ಬೆಳಿಗ್ಗೆ ಮಾಡಿದ್ದನ್ನು ರಾತ್ರಿ ಚೆಲ್ಲಿ, ಮರುದಿನ ಹೊಸದು ಮಾಡಿ. ದಪ್ಪ ಲೋಳೆ ಸಡಿಲವಾಗುತ್ತದೆ, ಬಾಯಿಯ ಹುಳಿ ತಗ್ಗುತ್ತದೆ. ಚಿಕಿತ್ಸೆ ನಡೆಯುವಾಗ ಬಾಯಿ ಹುಣ್ಣಾಗಿದ್ದರೂ ಇದು ಸಾಮಾನ್ಯವಾಗಿ ಉರಿಯುವುದಿಲ್ಲ. ಉರಿದರೆ ಉಪ್ಪು ಕಡಿಮೆ ಮಾಡಿ.

ಅಂಗಡಿಯಲ್ಲಿ ಸಿಗುವ, ಬಾಯಿ ಚುರ್ ಎನ್ನಿಸುವ ಮೌತ್‌ವಾಶ್‌ಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಇರುತ್ತದೆ. ಅದು ಒಣಗಿದ ಬಾಯನ್ನು ಇನ್ನಷ್ಟು ಒಣಗಿಸುತ್ತದೆ.

ಹೆಜ್ಜೆ 3: ಹಲ್ಲು — ಇಲ್ಲಿ ಸೋಮಾರಿತನ ನಡೆಯುವುದಿಲ್ಲ

ಜೊಲ್ಲು ಹಲ್ಲನ್ನು ಸದಾ ತೊಳೆಯುತ್ತದೆ, ಹುಳಿಯನ್ನು ಶಮನ ಮಾಡುತ್ತದೆ, ಸವೆದ ಪದರಕ್ಕೆ ಮತ್ತೆ ಕ್ಯಾಲ್ಸಿಯಂ ಕೊಡುತ್ತದೆ. ಅದು ನಿಂತಾಗ ಹುಳುಕು ಬರುವ ರೀತಿಯೇ ಬೇರೆ. ಸಾಮಾನ್ಯ ಹುಳುಕು ದವಡೆ ಹಲ್ಲಿನ ನಡುವಿನ ಗುಳಿಯಲ್ಲಿ ಶುರುವಾದರೆ, ಇದು ಒಸಡಿನ ಅಂಚಿನಲ್ಲಿ ಹಲ್ಲಿನ ಕತ್ತಿನ ಸುತ್ತ, ಮುಂದಿನ ಹಲ್ಲುಗಳ ತುದಿಯಲ್ಲಿ ಕಂದುಬಣ್ಣದ ಪಟ್ಟಿಯಾಗಿ ಶುರುವಾಗುತ್ತದೆ. ನೋವೂ ಕಡಿಮೆ. ಕೆಲವೇ ತಿಂಗಳಲ್ಲಿ ಸುತ್ತಲೂ ಕೊರೆದು, ಒಂದು ದಿನ ಅನ್ನ ಅಗಿಯುವಾಗ ಹಲ್ಲು ಒಸಡಿನ ಮಟ್ಟಕ್ಕೆ ಮುರಿದು ಕೈಗೆ ಬರಬಹುದು.

ತಂದೆಯವರ ಬಾಯಿ ನೋಡುವಾಗ ದಂತವೈದ್ಯೆ ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಗೆ ಇಟ್ಟು ತೆಗೆಯಲು ಹೋದರು. ಕನ್ನಡಿಯ ಜೊತೆ ಕೆನ್ನೆಯ ತೊಗಲೂ ಎಳೆದುಕೊಂಡು ಬಂತು, ಮೆಲ್ಲಗೆ ತಿರುಗಿಸಿ ಬಿಡಿಸಬೇಕಾಯಿತು. "ನೋಡಿ, ಇಷ್ಟು ಒಣಗಿದೆ" ಎಂದು ನನಗೂ ತೋರಿಸಿದರು. ಅದುವರೆಗೆ ಬ್ಯಾಗಿನಲ್ಲೇ ಉಳಿದಿದ್ದ ಫ್ಲೋರೈಡ್ ಜೆಲ್ ಅಂದು ರಾತ್ರಿಯಿಂದಲೇ ಶುರುವಾಯಿತು.

ಪ್ರತಿದಿನ ಮಾಡಬೇಕಾದ್ದು ಇಷ್ಟು. ಬಹಳ ಮೆತ್ತಗಿನ ಬ್ರಶ್ಶಿನಿಂದ ಬೆಳಿಗ್ಗೆ, ರಾತ್ರಿ, ಸಾಧ್ಯವಾದರೆ ಮಧ್ಯಾಹ್ನದ ಊಟದ ನಂತರವೂ ಹಲ್ಲು ಉಜ್ಜಿ. ಬಿಸಿನೀರಿನಲ್ಲಿ ಬ್ರಶ್ ಅದ್ದಿದರೆ ಇನ್ನೂ ಮೆತ್ತಗಾಗುತ್ತದೆ. ಹಲ್ಲುಪುಡಿ, ಇದ್ದಿಲು, ಉಪ್ಪು, ಬೇವಿನ ಕಡ್ಡಿ ಬೇಡ. ಒಣಬಾಯಲ್ಲಿ ಅವು ಪದರವನ್ನು ತೇಯುತ್ತವೆ, ಒಸಡನ್ನು ಗೀರುತ್ತವೆ. ಪುದೀನಾ ಖಾರದ ಪೇಸ್ಟ್ ಉರಿದರೆ ಮಕ್ಕಳ ಪೇಸ್ಟಿನಂಥ ಸೌಮ್ಯ ರುಚಿಯದು ಬಳಸಬಹುದು, ಆದರೆ ಫ್ಲೋರೈಡ್ ಎಷ್ಟಿದೆ ಎಂದು ಡಬ್ಬಿಯ ಮೇಲೆ ನೋಡಿ. ಸಾಧಾರಣ ಪೇಸ್ಟಿನಲ್ಲಿ ಸುಮಾರು 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಇರುತ್ತದೆ. ನಿಮಗೆ ದಂತವೈದ್ಯರು 5000 ಪಿಪಿಎಂನ ಪೇಸ್ಟ್ ಅಥವಾ 1.1% ಸೋಡಿಯಂ ಫ್ಲೋರೈಡ್ ಜೆಲ್ ಬರೆದುಕೊಡಬಹುದು.

ಜೆಲ್‌ಗೆ ನಿಮ್ಮ ಹಲ್ಲಿನ ಅಚ್ಚು ತೆಗೆದು ಮೆತ್ತನೆಯ ಟ್ರೇ ಮಾಡಿಕೊಡುತ್ತಾರೆ. ರಾತ್ರಿ ಹಲ್ಲುಜ್ಜಿದ ಮೇಲೆ ಟ್ರೇಗೆ ತೆಳುವಾಗಿ ಜೆಲ್ ಹಚ್ಚಿ, ಐದರಿಂದ ಹತ್ತು ನಿಮಿಷ ಕಚ್ಚಿಕೊಂಡು, ಉಗಿದು, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರಿ. ಟ್ರೇ ಮಾಡಿಸಲು ಕೈಲಾಗದವರು ಬ್ರಶ್ಶಿನಲ್ಲೇ ಹಚ್ಚಬಹುದು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಖರ್ಚಿನ ಭಾರ ಕಡಿಮೆ, ಅಲ್ಲಿ ವಿಚಾರಿಸಿ. ಪಾವಗಡ, ಚಿಕ್ಕಬಳ್ಳಾಪುರದ ಕಡೆಯವರು "ನಮ್ಮ ನೀರಲ್ಲೇ ಫ್ಲೋರೈಡ್ ಜಾಸ್ತಿ, ಮತ್ತೆ ಯಾಕೆ" ಎಂದು ಹಿಂಜರಿಯುವುದುಂಟು. ಆ ಫ್ಲೋರೈಡ್ ಹೊಟ್ಟೆಗೆ ಹೋಗಿ ಮೂಳೆಗೆ ಕೆಡುಕು ಮಾಡುವಂಥದ್ದು. ಇದು ಹಲ್ಲಿನ ಮೇಲೆ ಹಚ್ಚಿ ಉಗಿಯುವಂಥದ್ದು. ಎರಡಕ್ಕೂ ಸಂಬಂಧವಿಲ್ಲ. ಆದರೂ ಊರಿನ ನೀರಿನ ವಿಷಯ ವೈದ್ಯರ ಕಿವಿಗೆ ಹಾಕಿ.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ಹಲ್ಲು ತೋರಿಸಿ. ಎಷ್ಟೇ ವರ್ಷವಾಗಿರಲಿ, ಹೊಸ ದಂತವೈದ್ಯರ ಹತ್ತಿರ ಹೋದಾಗ ಬಾಯಿ ತೆರೆಯುವ ಮುನ್ನವೇ "ನನಗೆ ಕುತ್ತಿಗೆಗೆ ಕರೆಂಟ್ ಕೊಟ್ಟಿದ್ದಾರೆ" ಎಂದು ಹೇಳಿ, ಡಿಸ್ಚಾರ್ಜ್ ಕಾಗದ ತೋರಿಸಿ. ಊರಿನ ಕ್ಲಿನಿಕ್ಕಿನಲ್ಲಿ ಗೊತ್ತಿಲ್ಲದೆ ಒಂದು ಹಲ್ಲು ಕಿತ್ತು, ದವಡೆ ಕೊಳೆತು ವರ್ಷಗಟ್ಟಲೆ ನರಳುವವರನ್ನು ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರಿನಲ್ಲಿ ಈಗಲೂ ಕಾಣಬಹುದು.

ಹೆಜ್ಜೆ 4: ಬಾಯಿ ಒದ್ದೆ ಮಾಡಿಕೊಳ್ಳಲು ಏನು ಬೇಡ

ಜೊಲ್ಲು ತರಿಸಲು ನಮ್ಮ ಮನೆಗಳಲ್ಲಿ ಹೇಳಿಕೊಡುವ ಉಪಾಯಗಳಲ್ಲಿ ಬಹಳಷ್ಟು ಇಲ್ಲಿ ತಿರುಗುಬಾಣವಾಗುತ್ತವೆ. ನಿಂಬೆಹಣ್ಣು, ಹುಣಸೆ, ಉಪ್ಪಿನಕಾಯಿ, ನೆಲ್ಲಿಕಾಯಿ ಚೀಪಿದರೆ ಜೊಲ್ಲೇನೋ ಸ್ವಲ್ಪ ಬರುತ್ತದೆ, ಆದರೆ ಆ ಹುಳಿಯನ್ನು ತೊಳೆಯುವಷ್ಟು ಬರುವುದಿಲ್ಲ, ಹಲ್ಲು ಕರಗುತ್ತದೆ. ಕಲ್ಲುಸಕ್ಕರೆ, ಪೆಪ್ಪರ್‌ಮಿಂಟ್, ಜೇನುತುಪ್ಪ, ಸಿಹಿ ಕೆಮ್ಮಿನ ಸಿರಪ್ಪು ದಿನವಿಡೀ ಬಾಯಲ್ಲಿದ್ದರೆ ಹುಳುಕಿಗೆ ಹಬ್ಬ. ತೂಕ ಇಳಿಯದಿರಲೆಂದು ವೈದ್ಯರು ಕೊಡುವ ಸಿಹಿ ಪ್ರೋಟೀನ್ ಪುಡಿಯೂ ಇದೇ ಸಾಲಿಗೆ ಸೇರುತ್ತದೆ. ಅದು ಬೇಕು, ಬಿಡಬೇಡಿ. ಆದರೆ ಗುಟುಕು ಗುಟುಕಾಗಿ ಮೂರು ಗಂಟೆ ಕುಡಿಯುವ ಬದಲು ಒಂದೇ ಸಲ ಕುಡಿದು ಬಾಯಿ ಮುಕ್ಕಳಿಸಿ.

ಎಲೆ-ಅಡಿಕೆಯ ವಿಷಯ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೇಳುವುದೇ ಕಷ್ಟ. ಅಡಿಕೆ ಬಾಯಲ್ಲಿಟ್ಟರೆ ನೀರೂರುತ್ತದೆ ಎಂದು, ತಂಬಾಕು ಬಿಟ್ಟ ರೋಗಿಗಳೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಮನೆಯವರೂ "ಹೊಗೆಸೊಪ್ಪಿಲ್ಲವಲ್ಲ" ಎಂದು ಸುಮ್ಮನಾಗುತ್ತಾರೆ. ತಂಬಾಕಿಲ್ಲದ ಎಲೆ-ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಒಮ್ಮೆ ಕ್ಯಾನ್ಸರ್ ಬಂದ ಬಾಯಿಗೆ ಅಡಿಕೆ ಬೇಡವೇ ಬೇಡ. ತೋಟ ನಮ್ಮ ಅನ್ನ ಇರಬಹುದು, ಆದರೂ ಬೇಡ. ಬೀಡಿ, ಸಿಗರೇಟು, ಹೆಂಡದ ಬಗ್ಗೆ ಬೇರೆ ಹೇಳಬೇಕಿಲ್ಲ. ಕಾಫಿ, ಟೀ ಪೂರ್ತಿ ಬಿಡಬೇಕಾಗಿಲ್ಲ, ದಿನಕ್ಕೆ ಒಂದೆರಡು ಲೋಟಕ್ಕೆ ಇಳಿಸಿ.

ಇವುಗಳ ಬದಲಿಗೆ: ಸಕ್ಕರೆಯಿಲ್ಲದ, ಕ್ಸೈಲಿಟಾಲ್ ಎಂಬ, ಹಲ್ಲು ಹುಳುಕಾಗಿಸದ ಸಿಹಿ ಇರುವ ಚೂಯಿಂಗ್ ಗಮ್ ಅಗಿದರೆ ಉಳಿದ ಗ್ರಂಥಿಗಳು ಕೆಲಸ ಮಾಡುತ್ತವೆ. ಔಷಧಿ ಅಂಗಡಿಯಲ್ಲಿ ಸಿಗುವ ಕೃತಕ ಜೊಲ್ಲಿನ ದ್ರಾವಣ ಅಥವಾ ಜೆಲ್ ಊಟಕ್ಕೆ, ಮಾತಿಗೆ ಮುನ್ನ ಹಾಕಿಕೊಳ್ಳಬಹುದು. ಕೆಲವು ಹುಳಿ ಸ್ವಭಾವದವು, ಸ್ವಂತ ಹಲ್ಲಿರುವವರು ಅಂಥದ್ದನ್ನು ತೆಗೆದುಕೊಳ್ಳದಂತೆ ಫಾರ್ಮಸಿಯವರನ್ನು ಕೇಳಿ. ಹೊಸ ಪುಟ್ಟ ಸ್ಪ್ರೇ ಬಾಟಲಿಯಲ್ಲಿ ಬರೀ ಕುಡಿಯುವ ನೀರು ತುಂಬಿ ಜೇಬಿನಲ್ಲಿಟ್ಟುಕೊಂಡರೂ ಬಹಳ ಅನುಕೂಲ. ತುಟಿಗೆ, ಬಾಯಿಯ ಮೂಲೆಗೆ ತೆಂಗಿನೆಣ್ಣೆ ಅಥವಾ ತುಪ್ಪ. ಆದರೆ ಕರೆಂಟ್ ನಡೆಯುತ್ತಿರುವ ದಿನಗಳಲ್ಲಿ ಮುಖ, ಕುತ್ತಿಗೆಯ ಚರ್ಮಕ್ಕೆ ಏನು ಹಚ್ಚಬೇಕಾದರೂ ವೈದ್ಯರನ್ನು ಕೇಳಿಯೇ ಹಚ್ಚಿ.

ಹೆಜ್ಜೆ 5: ಊಟ ಇಳಿಯುವಂತೆ ಮಾಡುವುದು

ಅಡುಗೆಮನೆಯಲ್ಲಿ ಒಂದೇ ಸೂತ್ರ: ಮೆತ್ತಗಿರಬೇಕು, ತೇವವಿರಬೇಕು, ಸ್ವಲ್ಪ ಜಿಡ್ಡಿರಬೇಕು.

ಹುಡಿಹುಡಿಯಾದ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ಬ್ರೆಡ್ಡು, ಬಿಸ್ಕೆಟ್ಟು, ಚಕ್ಕುಲಿ ಬಾಯಲ್ಲಿ ಅತ್ತಿತ್ತ ಸುತ್ತುತ್ತವೆಯೇ ಹೊರತು ಉಂಡೆಯಾಗುವುದಿಲ್ಲ. ತಂದೆಯವರು ಒಂದು ತುತ್ತು ಉಪ್ಪಿಟ್ಟನ್ನು ನಾಲಿಗೆಯಿಂದ ದೂಡಿ ದೂಡಿ, ಆಗದೆ, ಪಕ್ಕಕ್ಕೆ ತಿರುಗಿ ಬೆರಳು ಹಾಕಿ ಕೆನ್ನೆಯಿಂದ ತೆಗೆದದ್ದನ್ನು ನೋಡಿದ ಮೇಲೆ ನಾನು ಅದೇ ರವೆಯನ್ನು ಮೂರು ಪಾಲು ಹೆಚ್ಚು ನೀರಿಟ್ಟು, ತುಪ್ಪ ಹಾಕಿ, ಗಂಜಿಗಿಂತ ತುಸು ಗಟ್ಟಿಯಾಗಿ ಮಾಡತೊಡಗಿದೆ. ಅದು ಇಳಿಯಿತು.

ಉತ್ತರ ಕರ್ನಾಟಕದವರಿಗೆ ರೊಟ್ಟಿ ಬಿಡುವುದು ಸುಲಭವಲ್ಲ. ಕಟಕ್ ರೊಟ್ಟಿ ಆಗದು, ಆದರೆ ಮೆತ್ತನೆ ಜೋಳದ ರೊಟ್ಟಿಯನ್ನು ಉಗುರಗಲ ಚೂರು ಮಾಡಿ, ಮೇಲೆ ಬಿಸಿ ಬೇಳೆ ಸಾರನ್ನೋ ಹಾಲನ್ನೋ ಸುರಿದು, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಚಮಚದಲ್ಲಿ ತಿನ್ನಬಹುದು. ಚಪಾತಿಗೂ ಹಾಗೆಯೇ. ಇಡ್ಲಿಯನ್ನು ಖಾರವಿಲ್ಲದ ಸಾಂಬಾರಿನಲ್ಲಿ ಮುಳುಗಿಸಿಡಿ. ಹೆಸರುಬೇಳೆ ತೊವ್ವೆ, ಹುಳಿಯಿಲ್ಲದ ಮೊಸರಿನ ಅನ್ನ, ಶ್ಯಾವಿಗೆ ಪಾಯಸ, ಅಕ್ಕಿ ಗಂಜಿಗೆ ತುಪ್ಪ, ದೊಡ್ಡಪತ್ರೆ ತಂಬುಳಿ ಎಲ್ಲವೂ ಒಗ್ಗುತ್ತವೆ. ಬಸಳೆ ಸೊಪ್ಪು, ಬೆಂಡೆಕಾಯಿ ಮೆತ್ತಗೆ ಬೆಂದರೆ ಅದರ ಲೋಳೆಯೇ ತುತ್ತನ್ನು ಜಾರಿಸುತ್ತದೆ. ಮಾಂಸಾಹಾರಿಗಳು ಒಣ ಹುರಿದ ಕೋಳಿ ಬಿಟ್ಟು, ಮುಳ್ಳು ತೆಗೆದ ಮೀನನ್ನು ತೆಂಗಿನ ಹಾಲಿನ ಸಾರಿನಲ್ಲಿ, ಮೊಟ್ಟೆಯನ್ನು ಹಾಲು ಬೆರೆಸಿ ಮೆತ್ತಗೆ ಕದಡಿ ಮಾಡಿಕೊಳ್ಳಿ. ಪ್ರೋಟೀನ್ ಕೊರತೆ ಆಗುವುದು ಬೇಗ, ಗಾಯ ಮಾಯುವುದು ನಿಧಾನವಾಗುತ್ತದೆ.

ಮುದ್ದೆಯ ವಿಷಯದಲ್ಲಿ ಎಚ್ಚರ. ಅಗಿಯದೆ ನುಂಗುವ ರೂಢಿ ಇರುವುದರಿಂದ "ಮುದ್ದೆ ಆದ್ರೆ ಸಲೀಸು" ಎಂದು ಹಳೆ ಮೈಸೂರಿನ ಕಡೆಯವರು ನಂಬುತ್ತಾರೆ. ಸಾರು ಹೆಚ್ಚಿದ್ದರೆ ಕೆಲವರಿಗೆ ನಿಜವಾಗಿಯೂ ಸಲೀಸು. ಆದರೆ ಕಿರಣದಿಂದ ಗಂಟಲಿನ ಸ್ನಾಯು ಬಿಗಿದಿದ್ದರೆ ಅದು ಅಂಟಿ ನಿಂತು ಉಸಿರು ಕಟ್ಟಿಸಬಹುದು. ಊಟ ಮಾಡುವಾಗ ಕೆಮ್ಮು ಬರುವುದು, ತಿಂದ ಮೇಲೆ ದನಿ ಗೊಗ್ಗರಾಗುವುದು ಇದ್ದರೆ, ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ನುಂಗುವಿಕೆಯ ಪರೀಕ್ಷೆ ಆಗುವ ತನಕ ಮುದ್ದೆ ಬೇಡ, ರಾಗಿ ಅಂಬಲಿ ಸಾಕು. ತೆಳು ಅಂಬಲಿಗೂ ಕೆಮ್ಮು ಬಂದರೆ ಬಲವಂತ ಮಾಡದೆ ಅಂದೇ ವೈದ್ಯರಿಗೆ ತಿಳಿಸಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಾಕ್ ಮತ್ತು ನುಂಗುವಿಕೆ ಚಿಕಿತ್ಸಕರು ಇರುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ತೊಂದರೆಗೆ ತಜ್ಞರಿದ್ದಾರೆ.

ಖಾರ, ಬಿಸಿ ಎರಡೂ ಉಗುರುಬೆಚ್ಚಗಿನ ಮಟ್ಟಕ್ಕೆ ಇಳಿಯಲಿ. ಮೆಣಸಿನ ಸಾರು ಗಂಟಲಿಗೆ ಒಳ್ಳೆಯದೆಂಬ ಮಾತು ನೆಗಡಿಗೆ ಸರಿ, ಇಲ್ಲಿಗಲ್ಲ. ತುತ್ತು ಚಿಕ್ಕದಿರಲಿ, ನಡುನಡುವೆ ಒಂದು ಗುಟುಕು ನೀರು ಇರಲಿ. ರುಚಿ ಕೆಟ್ಟಿದ್ದರೆ ಬೇಸರ ಬೇಡ, ಹೆಚ್ಚಿನವರಿಗೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಬಹಳಷ್ಟು ಮರಳುತ್ತದೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಹೆಜ್ಜೆ 6: ರಾತ್ರಿ

ಒಣಬಾಯಿಯವರು ರಾತ್ರಿ ಮೂರ್ನಾಲ್ಕು ಸಲ ಏಳುತ್ತಾರೆ: ಒಮ್ಮೆ ಬಾಯಿ ಒಣಗಿ, ಇನ್ನೊಮ್ಮೆ ಕುಡಿದ ನೀರು ಮೂತ್ರವಾಗಿ. ಆದ್ದರಿಂದ ರಾತ್ರಿ ಲೋಟಗಟ್ಟಲೆ ಕುಡಿಯುವ ಬದಲು ಒಂದು ಗುಟುಕು ಬಾಯಲ್ಲಿ ಆಡಿಸಿ ಉಗಿಯಿರಿ. ಹಾಸಿಗೆಯ ಪಕ್ಕ ನೀರಿನ ಫ್ಲಾಸ್ಕ್, ಉಗಿಯಲು ಒಂದು ಮುಚ್ಚಳದ ಡಬ್ಬಿ ಇಟ್ಟರೆ ಏಳುವ ಕೆಲಸವೇ ಇಲ್ಲ. ಜೆಲ್ ರೂಪದ ಕೃತಕ ಜೊಲ್ಲು ದ್ರಾವಣಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಮಲಗುವಾಗ ಅದನ್ನು ಒಸಡು, ಕೆನ್ನೆಯ ಒಳಗೆ ಸವರಿ. ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಡಿ. ಮೂಗು ಕಟ್ಟಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿ. ಬಾಯಲ್ಲಿ ಉಸಿರಾಡಿದರೆ ಮಾಡಿದ್ದೆಲ್ಲ ವ್ಯರ್ಥ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ. ಮಂಗಳೂರು, ಕಾರವಾರದವರಿಗೆ ಗಾಳಿಯಲ್ಲೇ ತೇವವಿದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರು ಹಾಕುವ ಏರ್‌ಕೂಲರ್ ಎಸಿಗಿಂತ ಒಳ್ಳೆಯದು, ನೀರನ್ನು ದಿನಾ ಬದಲಿಸಿ.

ಹೆಜ್ಜೆ 7: ಔಷಧಿಗಳ ಬಗ್ಗೆ ವೈದ್ಯರ ಹತ್ತಿರ ಏನು ಕೇಳಬೇಕು

ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನೆಗಡಿ-ಅಲರ್ಜಿಯ ಕೆಲವು ಮಾತ್ರೆ, ನರನೋವಿಗೆ ಮತ್ತು ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರಕೋಶದ ಕೆಲವು ಔಷಧಿಗಳು ಬಾಯಿಯನ್ನು ಇನ್ನಷ್ಟು ಒಣಗಿಸುತ್ತವೆ. ಬದಲಿ ಇದ್ದರೆ ಅವರೇ ಬದಲಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ.

ಪೈಲೋಕಾರ್ಪಿನ್ ಎಂಬ ಮಾತ್ರೆ ಉಳಿದಿರುವ ಗ್ರಂಥಿಗಳನ್ನು ಕೆರಳಿಸಿ ಜೊಲ್ಲು ತರಿಸುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಗುಣ ಕಾಣಲು ಎರಡು-ಮೂರು ತಿಂಗಳಾದರೂ ಬೇಕಾಗಬಹುದು. ಮೈ ಬೆವರುವುದು, ಪದೇ ಪದೇ ಮೂತ್ರ ಬರುವುದು ಇದರ ತೊಂದರೆ. ಹತೋಟಿಯಲ್ಲಿಲ್ಲದ ಅಸ್ತಮಾ, ಕಣ್ಣಿನ ಒಂದು ಬಗೆಯ ಗ್ಲಾಕೋಮಾ ಇರುವವರು ತೆಗೆದುಕೊಳ್ಳುವಂತಿಲ್ಲ, ಹೃದಯದ ತೊಂದರೆ ಇದ್ದರೆ ತಪ್ಪದೆ ಹೇಳಿ. ಗ್ರಂಥಿ ಪೂರ್ತಿ ಸತ್ತಿದ್ದರೆ ಈ ಮಾತ್ರೆಯೂ ಏನೂ ಮಾಡಲಾರದು. ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಅನುಕೂಲವಾದ ದಾಖಲೆಗಳಿವೆ, ಕಲಿತವರ ಹತ್ತಿರ ಮಾತ್ರ ಹೋಗಿ. ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚಿ ಗ್ರಂಥಿ ಮರಳಿ ಬೆಳೆಸುವ ಪ್ರಯತ್ನ ಡೆನ್ಮಾರ್ಕಿನಂಥ ಕಡೆ ಪ್ರಯೋಗದ ಹಂತದಲ್ಲಿದೆ. ಅದನ್ನೇ ಚಿಕಿತ್ಸೆಯೆಂದು ಲಕ್ಷಗಟ್ಟಲೆ ಕೇಳುವವರಿಗೆ ಹಣ ಕೊಡಬೇಡಿ.

ಹೆಜ್ಜೆ 8: ನಾಲ್ಕು ಜನರ ನಡುವೆ

ಒಣಬಾಯಿ ಎಲ್ಲಕ್ಕಿಂತ ಹೆಚ್ಚಾಗಿ ಕಿತ್ತುಕೊಳ್ಳುವುದು ಪಂಕ್ತಿ ಊಟವನ್ನು. ಮದುವೆಗೆ ಹೋದವರು "ಹೊಟ್ಟೆ ಸರಿಯಿಲ್ಲ" ಎಂದು ಸುಳ್ಳು ಹೇಳಿ ಎಲೆ ಮುಂದೆ ಕೂರದೆ ಬರುತ್ತಾರೆ. ಕ್ರಮೇಣ ಮದುವೆಗೆ ಹೋಗುವುದನ್ನೇ ಬಿಡುತ್ತಾರೆ. ಮನೆಯವರು ಇಲ್ಲಿ ಬಹಳ ಮಾಡಬಹುದು. ಬಡಿಸುವವರಿಗೆ ಮೊದಲೇ ಒಂದು ಮಾತು ಹೇಳಿ ಮಜ್ಜಿಗೆ, ತೊವ್ವೆ, ತುಪ್ಪ ಮೊದಲಿಗೇ ತರಿಸಿ. ಒಬ್ಬಟ್ಟಿಗೆ ಹಾಲು ಸುರಿದು ನೆನೆಯಲು ಬಿಡಿ. ಪಂಕ್ತಿಯ ತುದಿಯಲ್ಲಿ ಕೂತು, ಜೊತೆಗೆ ನಿಧಾನವಾಗಿ ಉಣ್ಣುವ ಒಬ್ಬರು ಇದ್ದರೆ ಎದ್ದು ಹೋಗುವ ಅವಸರ ಇರುವುದಿಲ್ಲ. ಮನೆಯಲ್ಲಿ ಅವರಿಗೆ ಬೇರೆ ಹೊತ್ತಿಗೆ, ಬೇರೆ ಮೂಲೆಯಲ್ಲಿ ಬಡಿಸಬೇಡಿ.

ಮೇಷ್ಟ್ರು, ವಕೀಲರು, ಕಂಡಕ್ಟರು, ಪುರೋಹಿತರಂಥ ಮಾತೇ ಕಸುಬಾದವರು ಮೈಕ್ ಕೇಳಲಿ, ಹತ್ತು ನಿಮಿಷಕ್ಕೊಂದು ಗುಟುಕು ನೀರು ಕುಡಿಯಲಿ. ನಿರ್ಜಲ ಏಕಾದಶಿ, ರಂಜಾನ್ ಉಪವಾಸದಂಥ ನೀರೂ ಮುಟ್ಟದ ವ್ರತಗಳ ಬಗ್ಗೆ ವೈದ್ಯರನ್ನೂ ನಿಮ್ಮ ಹಿರಿಯರನ್ನೂ ಕೇಳಿ, ಕಾಯಿಲೆಯವರಿಗೆ ಎಲ್ಲ ಧರ್ಮದಲ್ಲೂ ವಿನಾಯಿತಿ ಇದೆ. ಬಾಯಿ ವಾಸನೆಯ ಭಯದಿಂದ ಮೊಮ್ಮಕ್ಕಳನ್ನು, ಸಂಗಾತಿಯನ್ನು ದೂರವಿಡುವವರೂ ಇದ್ದಾರೆ. ಮೇಲೆ ಹೇಳಿದ ಮುಕ್ಕಳಿಕೆ, ಹಲ್ಲಿನ ಆರೈಕೆ, ಬ್ರಶ್ಶಿನಿಂದ ನಾಲಿಗೆ ಮೆಲ್ಲಗೆ ಉಜ್ಜುವುದರಿಂದ ವಾಸನೆ ಬಹಳಷ್ಟು ಹತೋಟಿಗೆ ಬರುತ್ತದೆ.

ಹೆಜ್ಜೆ 9: ತಡಮಾಡದೆ ತೋರಿಸಬೇಕಾದದ್ದು

ಉಜ್ಜಿದರೆ ಬರುವ ಬಿಳಿ ಪದರ, ಬಾಯಿ ಉರಿ, ಬಾಯಿಯ ಮೂಲೆ ಬಿರಿಯುವುದು: ಬೂಷ್ಟಿನ ಸೋಂಕಿರಬಹುದು, ಮದ್ದಿಗೆ ಬೇಗ ಬಗ್ಗುತ್ತದೆ. ಒಸಡಿನಲ್ಲಿ ಒರಟಾಗಿ ಮೂಳೆ ಕಾಣುವುದು, ದವಡೆ ನೋವು, ಮಾಯದ ಹುಣ್ಣು, ಹೊಸ ಗಂಟು, ರಕ್ತ, ಊಟದ ಕೆಮ್ಮಿನ ಜೊತೆ ಜ್ವರ: ಇವು ಅದೇ ವಾರ, ಸಾಧ್ಯವಾದರೆ ಅದೇ ದಿನ ತೋರಿಸಬೇಕಾದವು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಂದಿನ ತಿಂಗಳು ಹೋಗುತ್ತಿದ್ದ ಬೆರಳು ಈ ತಿಂಗಳು ಹೋಗದಿದ್ದರೆ ದವಡೆ ಬಿಗಿಯುತ್ತಿದೆ ಎಂದರ್ಥ, ವ್ಯಾಯಾಮ ಕೇಳಿ. ಕುತ್ತಿಗೆಗೆ ಕಿರಣ ಬಿದ್ದವರಿಗೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುವುದು ಸಾಮಾನ್ಯ. ಆರು ತಿಂಗಳಿಂದ ವರ್ಷಕ್ಕೊಮ್ಮೆ ಟಿಎಸ್‌ಹೆಚ್ ರಕ್ತಪರೀಕ್ಷೆ ಮಾಡಿಸಿ. ಸದಾ ಸುಸ್ತು, ಚಳಿ, ಮಂಕು ಎಲ್ಲವನ್ನೂ "ಕ್ಯಾನ್ಸರ್ ನಿಶ್ಶಕ್ತಿ" ಎಂದು ತಳ್ಳಿಹಾಕಬೇಡಿ.

ಹೆಜ್ಜೆ 10: ಮುಂದಿನ ಭೇಟಿಗೆ ಮುನ್ನ ಒಂದು ಚೀಟಿ

ಒಣಬಾಯಿಗೆ ರೋಗಿ ತಾನೇ ಕೊಡುವ ಅಂಕ, ವೈದ್ಯರು ನೋಡಿ ಕೊಡುವ ಅಂಕಕ್ಕಿಂತ ಹೆಚ್ಚಿರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧಕರು ಜೀವನದ ಗುಣಮಟ್ಟ ಅಳೆಯಲು ರೂಪಿಸಿದ ಪ್ರಶ್ನಾವಳಿಯಲ್ಲಿ ಒಣಬಾಯಿ, ಅಂಟು ಜೊಲ್ಲು, ರುಚಿ, ಜನರ ಮುಂದೆ ಉಣ್ಣುವುದು, ಮಾತು ಇವಕ್ಕೆಲ್ಲ "ಏನೂ ಇಲ್ಲ" ಎಂಬ 1ರಿಂದ "ಬಹಳ" ಎಂಬ 4ರವರೆಗೆ ಅಂಕ ಕೊಡಲು ಹೇಳುತ್ತಾರೆ. ಅದೇ ರೀತಿ ನೀವೂ ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ: ಒಣಗುವುದು, ಊಟ, ನಿದ್ದೆ, ಮಾತು, ಜನರೊಂದಿಗೆ ಉಣ್ಣುವುದು. ಕಳೆದ ಒಂದು ವಾರವನ್ನು ನೆನೆದು ಪ್ರತಿಯೊಂದಕ್ಕೂ 1ರಿಂದ 4ರೊಳಗೆ ಅಂಕ ಹಾಕಿ, ಪಕ್ಕದಲ್ಲಿ ತೂಕ, ರಾತ್ರಿ ಎಷ್ಟು ಸಲ ಎದ್ದಿರಿ ಎಂಬುದು, ಬಾಯಲ್ಲಿ ಹಿಡಿಯುವ ಬೆರಳು ಎಷ್ಟು ಎಂಬುದನ್ನು ಸೇರಿಸಿ. ಓದುಬರಹ ಬಾರದ ಹಿರಿಯರಾದರೆ ಮನೆಯವರು ಕೇಳಿ ಬರೆಯಲಿ, ಆದರೆ ಅಂಕ ಅವರದೇ ಇರಲಿ. ಒಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ "ಹೇಗಿದೀರಾ?" ಎಂದಾಗ "ಪರವಾಗಿಲ್ಲ ಸಾರ್" ಎನ್ನುವ ಬದಲು ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ, ಹೋದ ಸಲದ ಹಾಳೆಯ ಜೊತೆ ಫೈಲಿನಲ್ಲಿ ಹಾಕಿಸಿ.